ಜೋಗೇಶ್ವರಿಯಲ್ಲಿ ಕಂಡ ಬಾಲವಿಲ್ಲದ ವಾನರ

ನಾನು ನಿಂತಿದ್ದದ್ದು ಜೋಗೇಶ್ವರಿ ಪೂರ್ವದ ಒಂದು ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನ ಟೆರೇಸಿನ ಮೇಲೆ, ನೀರಿನ ಟಾಕಿಯ ಎಡಕ್ಕೆ. ಮುಖ ಹಿಂದಿನ ಕಂಪೌಂಡಿನ ಕಡೆಗಿತ್ತು. ಹೊತ್ತು ಬೆಳಗಿನ ಏಳಕ್ಕೆ ಹತ್ತು ನಿಮಿಷ ಕಡಿಮೆ. ಮಳೆಗಾಲ ಮುಗಿದು ಎರಡು ವಾರವಾಗಿತ್ತು, ಎಳೆ ಬಿಸಿಲು ಬಿದ್ದಿತ್ತು. ನನಗೆ ಜ್ವರವಿರಲಿಲ್ಲ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದೆ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಯಾರಾದರೂ ಇಂಥ ಸಂಗತಿ ಹೇಳಿದಾಗ ನಾನು ನಗುತ್ತ ಕೇಳುತ್ತಿದ್ದ ಪ್ರಶ್ನೆಗಳೇ ಇವು: ಎಲ್ಲಿದ್ದೆ, ಬೆಳಕಿತ್ತೇ, ಮೈ ಸರಿಯಿತ್ತೇ? ಹೇಳಿದವರು ಸಿಟ್ಟಾಗಿ ಸುಮ್ಮನಾಗುತ್ತಿದ್ದರು. ಅಳತೆಗೆ ಸಿಗದ್ದು ಯಾವುದೂ ಇಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು.

ನಾಲ್ಕು ವರ್ಷದ ಹಿಂದಿನ ಮಾತು. ಉಪಗ್ರಹದ ಚಿತ್ರಗಳಿಂದ ನಕ್ಷೆ ಮಾಡಿಕೊಡುವ ಸಣ್ಣ ಕಚೇರಿಯೊಂದು ಆ ಎಸ್ಟೇಟಿನಲ್ಲಿತ್ತು, ನನ್ನ ಕೆಲಸ ಅಲ್ಲಿ. ಅಸ್ಸಾಮಿನ ಒಂದು ಕಾಡಿನ ಕೆಲಸ ಬಂದಿತ್ತು. ಚಹಾ ತೋಟಗಳೂ ರಸ್ತೆಗಳೂ ಆ ಕಾಡನ್ನು ತುಂಡು ತುಂಡು ಮಾಡಿದ್ದವು. ಅಲ್ಲಿ ಹೂಲಾಕ್ ಎಂಬ ವಾನರಗಳಿವೆ. ನಮ್ಮ ದೇಶದ ಕಾಡುಗಳಲ್ಲಿ ಬಾಲವಿಲ್ಲದ ವಾನರವೆಂದರೆ ಅದೊಂದೇ. ಉದ್ದನೆಯ ಕೈಗಳಿಂದ ಕೊಂಬೆಗೆ ಕೊಂಬೆ ಹಿಡಿದು ತೂಗುತ್ತ ಸಾಗುತ್ತದೆ, ನೆಲಕ್ಕೆ ಇಳಿಯುವುದು ತೀರ ಅಪರೂಪ. ಮರದ ಸಾಲು ಎಲ್ಲಿ ತುಂಡಾಗುತ್ತದೆಯೋ ಅಲ್ಲಿಗೆ ಅದರ ಲೋಕವೂ ಮುಗಿಯುತ್ತದೆ. ಒಂದು ತುಂಡು ಕಾಡಿನಿಂದ ಇನ್ನೊಂದಕ್ಕೆ ಅವು ದಾಟಲು ಎಲ್ಲೆಲ್ಲಿ ಮರ ನೆಡಬೇಕು, ಎಲ್ಲೆಲ್ಲಿ ಹಗ್ಗದ ಸೇತುವೆ ಕಟ್ಟಬೇಕು ಎಂದು ನಾನು ನಕ್ಷೆಯಲ್ಲಿ ತೋರಿಸಬೇಕಿತ್ತು.

ನಮ್ಮಲ್ಲಿ ಒಂದು ರೂಢಿಯಿತ್ತು. ಮರಗಳ ಹಸಿರಿನ ನಡುವೆ ಸಣ್ಣ ಅಂತರಗಳು ಕಂಡರೆ ಕಂಪ್ಯೂಟರಿನಲ್ಲಿ ಅವನ್ನು ಮುಚ್ಚಿಬಿಡುತ್ತಿದ್ದೆವು. ಅದನ್ನು ಹೊಲಿಗೆ ಹಾಕುವುದು ಎನ್ನುತ್ತಿದ್ದೆವು. ನಕ್ಷೆ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಹಳೆಯ ತೋಟದ ರಸ್ತೆಯೊಂದು ಹಾದುಹೋಗುವ ಕಡೆ ನಾನು ಹಾಗೆ ಹೊಲಿಗೆ ಹಾಕಿದ್ದೆ. ಚಿತ್ರದಲ್ಲಿ ಅಲ್ಲಿ ದಟ್ಟ ಹಸಿರೇ ಇತ್ತು. ಆ ಕಾಡಿನಲ್ಲಿ ವಾನರಗಳ ಹಿಂದೆ ಓಡಾಡಿ ಲೆಕ್ಕ ಬರೆಯುವ ದೀಪೇನ್ ಎಂಬ ಹುಡುಗ ನನಗೆ ಫೋಟೊ ಕಳಿಸಿ ಹಿಂದಿಯಲ್ಲಿ ಬರೆದಿದ್ದ: ದಾದಾ, ಅಲ್ಲಿ ಮರವಿಲ್ಲ, ನೆಲದ ಮೇಲೆ ಬಳ್ಳಿ ಹಬ್ಬಿದೆ ಅಷ್ಟೆ, ಗಂಡು ಹೆಣ್ಣು ಮರಿ ಮೂರೂ ಈ ಕಡೆಯೇ ಸಿಕ್ಕಿಕೊಂಡಿವೆ. ಮೇಲಿನಿಂದ ನೋಡಿದರೆ ನೆಲದ ಬಳ್ಳಿಯೂ ಹಸಿರು, ಮರದ ತುದಿಯೂ ಹಸಿರು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕಾಡಿನಲ್ಲಿರುವವರು ಎಲ್ಲವನ್ನೂ ದೊಡ್ಡದು ಮಾಡುತ್ತಾರೆ ಎಂದುಕೊಂಡು ಬದಿಗಿಟ್ಟೆ. ಕಟ್ಟಲು ಹಣವಿದ್ದದ್ದು ಎರಡೇ ಸೇತುವೆಗಳಿಗೆ. ಎರಡನ್ನೂ ಬೇರೆ ಕಡೆ ಗುರುತಿಸಿದ್ದೆ. ಹೊಲಿದ ಜಾಗಕ್ಕೆ ಏನೂ ಉಳಿದಿರಲಿಲ್ಲ.

ಅಂದು ಹತ್ತು ಗಂಟೆಗೆ ನಕ್ಷೆ ಹೋಗಬೇಕಿತ್ತು. ವಡಾಲದಿಂದ ಬೆಳಗಿನ ಲೋಕಲ್ ಹಿಡಿದು ಬಂದು, ದೊಡ್ಡ ಪ್ರತಿಯನ್ನು ಮುದ್ರಣಕ್ಕೆ ಹಾಕಿ, ಅದು ಮುಗಿಯುವವರೆಗೆ ಗಾಳಿಗೆಂದು ಮೇಲೆ ಹೋದೆ. ಎಸ್ಟೇಟಿನ ವಾಚ್‌ಮನ್ ದಸ್ತಗೀರ್ ಟಾಕಿಯ ವಾಲ್ವ್ ತಿರುಗಿಸುತ್ತಿದ್ದ. ಸಿಂದಗಿ ಕಡೆಯವನು. ಗೇಟಿನ ಬಳಿ ಚಹಾ ಮಾರುವ ಕಲಬುರಗಿಯ ಕಸ್ತೂರಿಬಾಯಿ ನಮ್ಮಿಬ್ಬರಿಗೂ ಕಟಿಂಗ್, ಎಂದರೆ ಅರ್ಧರ್ಧ ಗ್ಲಾಸು ಚಹಾ, ತಂದಿದ್ದಳು.

ಹಿಂದಿನ ಕಂಪೌಂಡಿನಲ್ಲಿ ರೇನ್‌ಟ್ರೀಗಳ ಸಾಲಿತ್ತು. ಮಳೆಗಾಲಕ್ಕೆ ಮುಂಚೆ ನಡುವಿನ ಎರಡು ಮರ ಕಡಿದಿದ್ದರು. ಅಲ್ಲಿ ಸುರಿದ ಕಲ್ಲುಮಣ್ಣಿನ ರಾಶಿಯ ಮೇಲೆ ಬಳ್ಳಿ ದಟ್ಟವಾಗಿ ಹಬ್ಬಿತ್ತು. ಬಲಗಡೆಯ ಮರದಲ್ಲಿ ಏನೋ ತೂಗುತ್ತ ಬಂತು. ಮೈ ಕಂದು ಹೊಂಬಣ್ಣ, ಮುಖದ ಸುತ್ತ ಬಿಳಿಯ ಬಳೆ.

ದಸ್ತಗೀರ್ ಮೊದಲು ನಕ್ಕ. "ಸಾಹೇಬ್ರ, ಆ ಮಂಗ್ಯಾನ ಬಾಲ ಎಲ್ಲೈತ್ರೀ? ಗಿಡ ಕಡದವ್ರು ಬಾಲಾನೂ ಕಡ್ಕೊಂಡು ಹೋದ್ರೇನು?"

"ಸುಮ್ನಿರೋ ಮಾರಾಯಾ," ಎಂದಳು ಕಸ್ತೂರಿಬಾಯಿ. "ಹೊಟ್ಟಿಗಿ ಮರಿ ಅವಚ್ಕೊಂಡಾದ ನೋಡು."

ಮರಿ ಇತ್ತು. ನಾನೂ ನೋಡಿದೆ. ಅದು ಯಾವ ಪ್ರಾಣಿ ಎಂದು ಗೊತ್ತಿದ್ದವನು ಮೂವರಲ್ಲಿ ನಾನೊಬ್ಬನೇ. ಅದು ಹೆಣ್ಣು ಹೂಲಾಕ್.

ಸಾಲು ತುಂಡಾಗುವ ಕಡೆಗೆ ಬಂದು ಅದು ಕೈಚಾಚಿತು. ಆಚೆಯ ಮರ ದೂರವಿತ್ತು. ಹಿಂದಕ್ಕೆ ಹೋಯಿತು. ಮತ್ತೆ ಬಂತು, ಕೈಚಾಚಿತು, ಹಿಂದಕ್ಕೆ ಹೋಯಿತು. ಹೀಗೆ ಮೂರು ಸಲ. ಪ್ರತಿ ಸಲವೂ ಅದರ ಭಾರಕ್ಕೆ ಕೊಂಬೆ ಬಾಗುತ್ತಿತ್ತು. ನೆರಳಾಗಿದ್ದರೆ ಬಾಗುತ್ತಿರಲಿಲ್ಲ. ಅದೇ ಮರದಲ್ಲಿ ಹತ್ತಿಪ್ಪತ್ತು ಕಾಗೆಗಳಿದ್ದವು. ಒಂದು ಬೆಕ್ಕು ಹತ್ತಿದರೂ ಎಸ್ಟೇಟನ್ನೇ ಎಬ್ಬಿಸುವ ಕಾಗೆಗಳು ಒಂದೂ ಕೂಗಲಿಲ್ಲ.

ಮೂರನೆಯ ಸಲ ತಿರುಗುವಾಗ ಅದು ನಮ್ಮ ಕಡೆ ನೋಡಿತು. ನಮ್ಮ ಕಡೆ ಎಂದು ಬರೆಯುವುದು ನನ್ನ ಅಂಜಿಕೆ. ನೋಡಿದ್ದು ನನ್ನನ್ನು. ತುಟಿ ಹಿಂದಕ್ಕೆ ಸರಿಸಿ ಹಲ್ಲು ತೋರಿಸಿತು. ಪ್ರಾಣಿಗಳ ಮುಖದಲ್ಲಿ ಮನುಷ್ಯರ ಭಾವ ಓದಬಾರದು ಎಂದು ನಾನೇ ಬೇರೆಯವರಿಗೆ ಹೇಳಿದವನು. ಆದರೂ ಅಂಥ ದ್ವೇಷದಿಂದ ನನ್ನನ್ನು ಯಾರೂ ನೋಡಿರಲಿಲ್ಲ.

ಆಮೇಲೆ ಅದು ಕೆಳಗಿಳಿಯಿತು. ಎರಡು ಕಾಲ ಮೇಲೆ ನಿಂತು, ಎರಡೂ ಕೈ ತಲೆಯ ಮೇಲೆತ್ತಿ, ಬಳ್ಳಿಯ ಮೇಲೆ ನಡೆಯತೊಡಗಿತು. ನಡುವಿನವರೆಗೆ ಬಂತು. ಅಲ್ಲಿ ಬಳ್ಳಿಯೊಳಗೆ ಮರೆಯಾಯಿತು. ಬಳ್ಳಿ ಜೋರಾಗಿ ಅಲುಗಾಡಿತು, ನಿಂತಿತು. ಆಚೆ ಮರಕ್ಕೆ ಏನೂ ಹತ್ತಲಿಲ್ಲ. ಈಚೆಗೂ ಬರಲಿಲ್ಲ.

ದಸ್ತಗೀರ್ ಲಾಠಿ ಹಿಡಿದು ಕೆಳಗೋಡಿದ. ಅವನ ಹಿಂದೆ ನಾನೂ ಹೋದೆ. ಬಳ್ಳಿಯನ್ನೆಲ್ಲ ಎತ್ತಿ ನೋಡಿದೆವು. ಕಲ್ಲು, ಒಡೆದ ಟೈಲ್ಸು, ಒಂದು ಚಪ್ಪಲಿ, ಅಷ್ಟೆ. ನೆಲ ಒದ್ದೆಯಿತ್ತು, ಹೆಜ್ಜೆಗುರುತು ಇರಲಿಲ್ಲ. ದಸ್ತಗೀರ್ ಈಗ ನಗುತ್ತಿರಲಿಲ್ಲ. "ಇದು ನಿಮಗ್ ಗೊತ್ತಿದ್ದದ್ದ ಐತಿ, ಸಾಹೇಬ್ರ. ನಿಮ್ಮ ಮಾರಿ ನೋಡಿದ್ರ ತಿಳಿತೈತಿ," ಎಂದ.

ಒಂಬತ್ತಕ್ಕೆ ದೀಪೇನನ ಫೋನ್ ಬಂತು. ಹೊಲಿಗೆ ಹಾಕಿದ್ದ ಆ ಜಾಗದಲ್ಲಿ, ಏಳಕ್ಕೆ ಸ್ವಲ್ಪ ಮೊದಲು, ಹೆಣ್ಣು ಮೂರು ಸಲ ಅಂಚಿಗೆ ಬಂದು ತಿರುಗಿ ಹೋಗಿ, ಕೊನೆಗೆ ಮರಿಯೊಂದಿಗೆ ನೆಲಕ್ಕಿಳಿಯಿತಂತೆ. ಬಳ್ಳಿಯ ನಡುವೆ ತೋಟದ ನಾಯಿಗಳು ಮುತ್ತಿದವು. ತಾಯಿ ಹೇಗೋ ಮರ ಸೇರಿತು. ಮರಿ ಉಳಿಯಲಿಲ್ಲ. ಇಷ್ಟು ಹೇಳಿ ಅವನು, "ದಾದಾ, ನಾನು ಬರೆದಿದ್ದೆ," ಎಂದ. ನಾನು ಕಂಡದ್ದನ್ನು ಅವನಿಗೆ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಆ ಹೊತ್ತಿಗೆ ನಕ್ಷೆ ಇನ್ನೂ ಹೋಗಿರಲಿಲ್ಲ, ಆದ್ದರಿಂದ ಮರಿಯ ಸಾವಿಗೆ ನನ್ನ ಹೊಲಿಗೆ ಕಾರಣವಲ್ಲ. ಈ ಲೆಕ್ಕ ಸರಿಯಾಗಿದೆ. ಅದನ್ನು ಎಷ್ಟು ಸಲ ಮಾಡಿದರೂ ಸಮಾಧಾನವಿಲ್ಲ. ಹೊಲಿಗೆ ಬಿಚ್ಚಿದೆ, ಒಂದು ಸೇತುವೆಯನ್ನು ಅಲ್ಲಿಗೆ ತಂದೆ, ನಕ್ಷೆ ಮೂರು ದಿನ ತಡವಾಯಿತು. ಬಾಸ್ ಎಲ್ಲರೆದುರು ಕೂಗಾಡಿದರು: "ಟೆರೇಸ್ ಪೇ ಬಂದರ್ ದೇಖಾ ತೋ ನಕ್ಷಾ ಬದಲ್ ದಿಯಾ? ಕಲ್ ಗಧಾ ದಿಖೇಗಾ ತೋ?" ಇವತ್ತು ಮಂಗ ಕಂಡು ನಕ್ಷೆ ಬದಲಿಸಿದವನು ನಾಳೆ ಕತ್ತೆ ಕಂಡರೆ ಏನು ಮಾಡುತ್ತೀ ಎಂದು. ದಸ್ತಗೀರನೋ ಕಸ್ತೂರಿಬಾಯಿಯೋ ಕೆಳಗೆ ಮಾತಾಡಿರಬೇಕು. ಆಮೇಲೆ ಆ ಕಚೇರಿಯಲ್ಲಿ ನಾನಿದ್ದಷ್ಟು ದಿನವೂ ಮರೆಯಲ್ಲಿ ನನಗೆ ಬಂದರ್ ಎಂದೇ ಹೆಸರು.

ಸಾಕಿದ ಪ್ರಾಣಿ ತಪ್ಪಿಸಿಕೊಂಡಿರಬಹುದೇ ಎಂದು ವಾರಗಟ್ಟಲೆ ವಿಚಾರಿಸಿದೆ. ಅಂಥದ್ದು ಎಲ್ಲೂ ಕಾಣೆಯಾಗಿರಲಿಲ್ಲ, ಎಲ್ಲೂ ಸಿಗಲೂ ಇಲ್ಲ. ಮನಸ್ಸಿನ ಅಳುಕೇ ರೂಪ ತಾಳಿತು ಎನ್ನೋಣವೆಂದರೆ, ಆ ಅಳುಕು ಆಗ ನನ್ನಲ್ಲಿ ಇರಲೇ ಇಲ್ಲ. ಇದ್ದರೂ ಅದು ದಸ್ತಗೀರನ ಕಣ್ಣಿಗೆ ಯಾಕೆ ಬೀಳಬೇಕು?

ನನ್ನ ಜೊತೆ ಅದನ್ನು ನೋಡಿದವರು ಇಬ್ಬರು. ದಸ್ತಗೀರ್ ಊರಿಗೆ ಹೋಗಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಬದುಕಿದ್ದಾನೆ. ಕಸ್ತೂರಿಬಾಯಿ ಅದೇ ಗೇಟಿನಲ್ಲಿ ಚಹಾ ಮಾರುತ್ತಾಳೆ, ಕೇಳಿದರೆ ಹೇಳುತ್ತಾಳೆ. ಆ ಕಾಡಿನ ಹೆಣ್ಣೂ ಬದುಕಿದೆ. ಸೇತುವೆಯನ್ನು ಗಂಡು ಬಳಸುತ್ತದಂತೆ. ಹೆಣ್ಣು ಮಾತ್ರ ಹಗ್ಗದವರೆಗೆ ಬಂದು, ಕೈಚಾಚಿ, ಮುಟ್ಟದೆ ತಿರುಗಿ ಹೋಗುತ್ತದೆ ಎಂದು ದೀಪೇನ್ ಈಗಲೂ ಬರೆಯುತ್ತಾನೆ.