ಬೆಡ್‌ಶೀಟಿನ ಇನ್ನೊಂದು ತುದಿ

ಇಪ್ಪತ್ತೊಂದು ವರ್ಷ ಒಂದೇ ಚಿಟ್ಟೆ ನೃತ್ಯವನ್ನು ಕಲಿಸಿದ ಮೇಲೂ ತಾನೊಬ್ಬ ಕಲಾವಿದೆ ಎಂಬ ನಂಬಿಕೆ ಡ್ಯಾನ್ಸ್ ಟೀಚರಿಗೆ ಉಳಿದಿತ್ತು. ಸಣ್ಣ ಸಾಧನೆಯೇನಲ್ಲ. ಮನೆಯ ಮಹಡಿ ಮೇಲಿನ ಉದ್ದನೆಯ ಹಾಲ್‌ನಲ್ಲಿ ವಾರಕ್ಕೆ ಐದು ಸಂಜೆ ಕ್ಲಾಸು, ವರ್ಷದ ಕೊನೆಗೊಂದು ಪ್ರದರ್ಶನ. ಮಕ್ಕಳು ಬೆಳೆದು ಬಿಟ್ಟುಹೋಗುತ್ತಿದ್ದರು. ರೆಕ್ಕೆಗಳು ಮಾತ್ರ ಅವೇ. ತಂತಿ ಸೊಟ್ಟಗಾದರೆ ನೆಟ್ಟಗೆ ಮಾಡಿ, ಬಟ್ಟೆ ಹರಿದರೆ ಹೊಲಿದು, ಮುಂದಿನ ವರ್ಷದ ಬೆನ್ನುಗಳಿಗೆ ಕಟ್ಟುತ್ತಿದ್ದಳು.

ವಿಡಿಯೊ ಎಂಬ ಮಾತು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ಪ್ರದರ್ಶನ ಶುರುವಾದೊಡನೆ ಅಪ್ಪ ಅಮ್ಮಂದಿರೆಲ್ಲ ಫೋನು ಎತ್ತಿ ಹಿಡಿಯುವರು, ಪ್ರತಿಯೊಬ್ಬರೂ ತಮ್ಮ ಮಗುವನ್ನಷ್ಟೇ ತೆಗೆಯುವರು. ಹನ್ನೆರಡು ಮಕ್ಕಳ ನೃತ್ಯ ಹನ್ನೆರಡು ಫೋನುಗಳಲ್ಲಿ ಚೂರುಚೂರಾಗಿ ಮನೆಗೆ ಹೋಗುತ್ತಿತ್ತು. ಹಿಂದಿನ ವರ್ಷವಂತೂ ಒಬ್ಬ ತಂದೆ ವೇದಿಕೆಯನ್ನೇ ಹತ್ತಿ ಮಗಳ ಮುಂದೆ ಮಂಡಿಯೂರಿ ಕೂತುಬಿಟ್ಟಿದ್ದ. ಉಳಿದ ಹನ್ನೊಂದು ಚಿಟ್ಟೆಗಳು ಅವನನ್ನು ಬಳಸಿಕೊಂಡು ಹಾರಬೇಕಾಯಿತು. ಕೊನೆಗೆ ಸಭಿಕರೊಬ್ಬರು ಬಂದು, ಈ ಸಲ ನಡುವೆ ಬಂಡೆ ಇಟ್ಟದ್ದು ಚೆನ್ನಾಗಿತ್ತು ಎಂದು ಮೆಚ್ಚಿ ಹೋದರು.

ಇಂಥವಳ ಕ್ಲಾಸಿಗೆ ಕ್ಯಾಮೆರಾ ಬಂದದ್ದು ಚಪ್ಪಲಿಯಿಂದಾಗಿ. ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿಗಳು ಮಾಯವಾಗತೊಡಗಿದವು, ಅದೂ ಜೋಡಿಯಲ್ಲಿ ಒಂದೊಂದೇ. ತಾಯಂದಿರು ಗುಂಪುಕಟ್ಟಿ ಬಂದು, ಮಕ್ಕಳ ಸುರಕ್ಷತೆಯ ಪ್ರಶ್ನೆ ಎಂದರು. ಟೀಚರಿನ ಮೈದುನನಿಗೆ ಅಂಗಡಿ ಗೋದಾಮುಗಳಿಗೆ ಕ್ಯಾಮೆರಾ ಕೂರಿಸುವ ಕೆಲಸ. ಅವನು ಒಂದು ಭಾನುವಾರ ಏಣಿ ಹೊತ್ತು ಬಂದು ಮೆಟ್ಟಿಲ ಬಳಿ ಒಂದು, ಹಾಲ್‌ನ ಚಾವಣಿಯ ಮೂಲೆಗೊಂದು ಕೂರಿಸಿ, ಅತ್ತಿಗೆಗೆ ನೋಡುವುದು ಹೇಗೆಂದು ತೋರಿಸಿಕೊಟ್ಟು ಹೋದ. ಮೂರನೇ ದಿನವೇ ಕಳ್ಳ ಸಿಕ್ಕಿಬಿದ್ದ. ಪಕ್ಕದ ಮನೆಯ ನಾಯಿ. ಅಲ್ಲಿಗೆ ಆ ಕತೆ ಮುಗಿಯಿತು.

ಆದರೆ ಟೀಚರು ಕಂಪ್ಯೂಟರು ಮುಚ್ಚುವ ಮೊದಲು ಕೈತಪ್ಪಿ ಹಾಲ್‌ನ ಕ್ಯಾಮೆರಾ ತೆರೆದಳು. ತಾನು ಕಲಿಸುವುದನ್ನು ತಾನೇ ಅವಳು ಎಂದೂ ನೋಡಿರಲಿಲ್ಲ. ಮನಸ್ಸಿನಲ್ಲಿ ಅವಳ ತೋಳು ಏಳುವುದೆಂದರೆ ಹೊಗೆ ಎದ್ದ ಹಾಗೆ. ಪರದೆಯ ಮೇಲೆ ಕಂಡದ್ದು ಬೇರೆ: ನೆತ್ತಿ ಬೆಳ್ಳಗಾದ ಹೆಂಗಸೊಬ್ಬಳು ಒಂದು ಕೈ ಸೊಂಟಕ್ಕಿಟ್ಟು ಇನ್ನೊಂದು ಕೈಯಲ್ಲಿ ದಾರಿ ತೋರಿಸುತ್ತಿದ್ದಳು, ಥೇಟು ವೃತ್ತದಲ್ಲಿ ನಿಂತ ಟ್ರಾಫಿಕ್ ಪೊಲೀಸು. ಮಕ್ಕಳು ಅವಳನ್ನು ನೋಡುತ್ತಿರಲಿಲ್ಲ, ಗೋಡೆ ಗಡಿಯಾರ ನೋಡುತ್ತಿದ್ದರು. ಮುಖಕ್ಕೆ ಬಿಸಿನೀರು ಎರಚಿದಂತಾಗಿ ಮುಚ್ಚಲು ಹೋದಳು. ಯಾವುದೋ ಗುಂಡಿ ಒತ್ತಿಹೋಗಿ ದೃಶ್ಯ ಬೆಳಗಿನ ಹತ್ತು ಗಂಟೆಗೆ ಹಾರಿತು. ಖಾಲಿ ಹಾಲ್‌ನಲ್ಲಿ ಅತ್ತೆ ಬೆಡ್‌ಶೀಟು ಮಡಿಸುತ್ತಿದ್ದರು.

ಅತ್ತೆಗೆ ಎಪ್ಪತ್ತಾರು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ಬೆಡ್‌ಶೀಟು ಮಡಿಸಿ ನಿವೃತ್ತರಾದವರು. ಕೆಳಗೆ ಕುರ್ಚಿಯಿಂದ ಏಳಬೇಕಾದರೆ ಅವರಿಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕು, ಮೂರನೆಯ ಸಲ ಯಾರನ್ನಾದರೂ ಬೈಯಬೇಕು. ಇಲ್ಲಿ ಪರದೆಯ ಮೇಲೆ ಆ ಮುದುಕಿಯೇ ಇರಲಿಲ್ಲ. ಶೀಟಿನ ಎರಡು ಮೂಲೆಗಳನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಉಳಿದೆರಡನ್ನು ಹಿಡಿದು ಹಿಂದೆ ಸರಿಯುತ್ತಿದ್ದರು. ಒಂದೇ ಜಗ್ಗಿಗೆ ಸುಕ್ಕೆಲ್ಲ ಮಾಯ. ಕೈಗೆ ಕೈ ಕೂಡಿಸಿ, ಮುಂದೆ ನಡೆದು, ಅಂಚು ಸೇರಿಸಿ, ಮತ್ತೆ ಹಿಂದೆ. ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಪ್ರತಿ ಮಡಿಕೆಯ ಕೊನೆಗೆ ಬಲಗೈ ಮಾತ್ರ ಸುಮ್ಮನೆ ಮುಂದೆ ಚಾಚಿ, ಯಾರಿಗೋ ಏನೋ ಕೊಡುವಂತೆ ಗಾಳಿಯಲ್ಲಿ ಒಂದು ಕ್ಷಣ ನಿಂತು, ಹಿಂದಕ್ಕೆ ಬರುತ್ತಿತ್ತು. ಟೀಚರು ಅದನ್ನು ಹನ್ನೊಂದು ಸಲ ತಿರುಗಿಸಿ ನೋಡಿದಳು. ಇಪ್ಪತ್ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು ಅತ್ತೆಯನ್ನು ಅವಳು ಇಷ್ಟು ಹೊತ್ತು ಎವೆಯಿಕ್ಕದೆ ನೋಡಿದ್ದು ಅದೇ ಮೊದಲು.

ಮೈದುನನ ಬಳಿ ಹಳೆಯದೊಂದು ಪ್ರೊಜೆಕ್ಟರಿತ್ತು. ಅದನ್ನು ಕೇಳಿ ತಂದು, ಮಧ್ಯಾಹ್ನ ಅತ್ತೆ ನಿದ್ದೆಹೋದ ಮೇಲೆ ಹಾಲ್‌ನ ಗೋಡೆಯ ಮೇಲೆ ಅವರನ್ನು ಆಳೆತ್ತರಕ್ಕೆ ಬಿಟ್ಟಳು. ತಾನು ಕಿಟಕಿಯ ಜಾಗದಲ್ಲಿ ನಿಂತು, ಕೈಯಲ್ಲೊಂದು ನಿಜದ ಶೀಟು ಹಿಡಿದು, ಗೋಡೆಯ ಅತ್ತೆಯ ಜೊತೆ ಮಡಿಸಲು ಹೊರಟಳು. ಗೋಡೆಯ ಅತ್ತೆ ಯಾರಿಗೂ ಕಾಯುತ್ತಿರಲಿಲ್ಲ, ಸೊಸೆ ತಪ್ಪಿದರೆ ನಿಲ್ಲುತ್ತಿರಲಿಲ್ಲ, ಅವಳ ಕಷ್ಟವನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ವಿಷಯದಲ್ಲಿ ವಿಡಿಯೊಗೂ ಅಸಲಿಗೂ ಹೇಳುವಂಥ ವ್ಯತ್ಯಾಸವೇನೂ ಇರಲಿಲ್ಲ. ಆದರೂ ಎರಡು ತಿಂಗಳು ಕಳೆಯುವುದರೊಳಗೆ ಅವಳ ಮೈಯೊಳಗಿನ ಟ್ರಾಫಿಕ್ ಪೊಲೀಸು ಡ್ಯೂಟಿ ಬಿಟ್ಟು ಹೋದ.

ಒಂದು ಮಧ್ಯಾಹ್ನ ನಿದ್ದೆ ಬಾರದೆ ಅತ್ತೆ ಮೇಲೆ ಬಂದರು. ಗೋಡೆಯ ಮೇಲೆ ತಮ್ಮನ್ನೇ ಕಂಡು ಬಾಗಿಲಲ್ಲಿ ನಿಂತರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಕೊನೆಯವರೆಗೂ ನೋಡಿದರು. ಸೊಸೆ ಶೀಟಿನ ತುದಿ ಹಿಡಿದೇ ನಿಂತಿದ್ದಳು.

"ನನ್ನನ್ನ ಕೇಳದೆ ನನ್ನ ಸಿನಿಮಾ ತೆಗೆದಿದೀಯ."

"ಹೇಳಬೇಕು ಅಂತಲೇ ಇದ್ದೆ ಅತ್ತೆ."

"ಅದಿರಲಿ. ತುದೀನ ಹಾಗೆ ಚಿವುಟಿ ಹಿಡಿದರೆ ಜಾರುತ್ತೆ. ಮುಷ್ಟಿಯಲ್ಲಿ ಹಿಡಿ."

ಅನುಮತಿ ಎಂದರೆ ಅಷ್ಟೇ. ಮರುದಿನದಿಂದ ಅತ್ತೆ ಮಧ್ಯಾಹ್ನದ ನಿದ್ದೆ ಬಿಟ್ಟರು.

ಅದೇ ಹೊತ್ತಿಗೆ ಕಲಾಕೇಂದ್ರವೊಂದು ನೃತ್ಯ ಮತ್ತು ವಿಡಿಯೊ ಕುರಿತು ಕಾರ್ಯಾಗಾರ ನಡೆಸಿತು. ಟೀಚರೂ ಹೋದಳು. ನಡೆಸಿಕೊಟ್ಟ ಸಲಹೆಗಾರರನ್ನು ಎಲ್ಲರೂ ಬೆನ್ನ ಹಿಂದೆ ಪ್ರಕ್ರಿಯೆ ಸರ್ ಎನ್ನುತ್ತಿದ್ದರು. ಅವರ ಪ್ರಕಾರ ನೃತ್ಯ ಎಂಬುದು ಇರಲಿಲ್ಲ, ನೃತ್ಯದ ಪ್ರಕ್ರಿಯೆ ಇತ್ತು. ಊಟದ ಬಿಡುವು ಕೂಡ ಒಂದು ಪ್ರಕ್ರಿಯೆಯೇ ಆದ್ದರಿಂದ ಅದು ಮೂರು ಗಂಟೆಗೆ ಶುರುವಾಯಿತು. ನಿಮ್ಮ ಅಭ್ಯಾಸ ಏನು ಎಂದು ಅವರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಬೇರೆಯವರು ಕಣ್ಣು ಮುಚ್ಚಿ ಏನೇನೋ ಹೇಳಿದರು. ಟೀಚರಿನ ಸರದಿ ಬಂದಾಗ ಅವಳು, ಸೋಮವಾರದಿಂದ ಶುಕ್ರವಾರ, ಸಂಜೆ ಐದೂವರೆಗೆ ಎಂದಳು. ಪ್ರಕ್ರಿಯೆ ಸರ್ ಬೆಚ್ಚಿದವರಂತೆ ನೋಡಿ, ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಪ್ರದರ್ಶನಕ್ಕೆ ಅವಕಾಶ ಬೇಕೆಂದರೆ ಅರ್ಜಿ ತುಂಬಬೇಕಿತ್ತು. ದೇಹ ಮತ್ತು ಬಿಂಬದ ನಡುವಿನ ಬಿರುಕನ್ನು ನಿಮ್ಮ ಕೃತಿ ಹೇಗೆ ಎದುರಿಸುತ್ತದೆ ಎಂಬುದು ನಾಲ್ಕನೇ ಪ್ರಶ್ನೆ. ಅವಳು ತಲೆ ಮೇಲೆ ಕೈಹೊತ್ತು ಕೂತದ್ದನ್ನು ನೋಡಿ ಗಂಡ ಕಾಗದ ಇಸಿದುಕೊಂಡ. ಅವನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಬಿರುಕು ಅವನಿಗೆ ಹೊಸದಲ್ಲ. "ಸದರಿ ದೇಹ ಹಾಗೂ ಸದರಿ ಬಿಂಬದ ನಡುವೆ ಇದೆಯೆನ್ನಲಾದ ಬಿರುಕನ್ನು ಖುದ್ದು ಸ್ಥಳ ಪರಿಶೀಲಿಸಲಾಗಿ, ಯಾವುದೇ ಸೋರಿಕೆ ಕಂಡುಬಂದಿರುವುದಿಲ್ಲ. ತಮ್ಮ ಅವಗಾಹನೆಗೆ ಸಲ್ಲಿಸಿದೆ" ಎಂದು ಬರೆದು, ಅಭ್ಯಾಸಬಲದಿಂದ ಕೆಳಗೊಂದು ಗೆರೆ ಎಳೆದ. ವಾರದೊಳಗೆ ಪ್ರಕ್ರಿಯೆ ಸರ್ ಅವರ ಫೋನು ಬಂತು. ಕಚೇರಿಯ ಭಾಷೆಯನ್ನು ಇಷ್ಟು ಹರಿತವಾಗಿ ಗೇಲಿ ಮಾಡಿದ ಬರಹವನ್ನು ತಾವು ಓದಿಯೇ ಇಲ್ಲ ಎಂದರು. ಗಂಡ ಹಿಗ್ಗಿದ, ಗೇಲಿ ಎಂಬ ಭಾಗವನ್ನು ಅವಳು ಅವನಿಗೆ ಹೇಳಲಿಲ್ಲ.

ಎಂಬತ್ತು ಕುರ್ಚಿಗಳ ಸಣ್ಣ ರಂಗಮಂದಿರ. ಪರದೆಯ ಮೇಲೆ ಅತ್ತೆ, ವೇದಿಕೆಯ ಮೇಲೆ ಸೊಸೆ, ಮುಂದಿನ ಸಾಲಿನಲ್ಲಿ ಮತ್ತೆ ಅತ್ತೆ. ಮೊದಲ ಹತ್ತು ನಿಮಿಷ ಒಂದು ಪಿಸುಮಾತಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಟೀಚರು ಮರೆತು ಶೀಟಿನ ಮೂಲೆಯನ್ನು ಎರಡು ಬೆರಳಲ್ಲಿ ಚಿವುಟಿದಳು. ಕತ್ತಲಿನಿಂದ ಧ್ವನಿ ಬಂತು:

"ಮುಷ್ಟಿಯಲ್ಲಿ ಹಿಡಿಯೇ. ಎಷ್ಟು ಸಲ ಹೇಳೋದು ನಿನಗೆ."

ಇಪ್ಪತ್ನಾಲ್ಕು ವರ್ಷದ ರೂಢಿ. ಅವಳ ತಲೆ ಕೇಳುವ ಮೊದಲೇ ಕೈ ಕೇಳಿತು. ಮುಷ್ಟಿ ಬಿಗಿಯಿತು, ಶೀಟು ನೆಟ್ಟಗಾಯಿತು. "ಹಾಂ, ಈಗ ಸರಿಯಾಯ್ತು" ಎಂದಿತು ಮುಂದಿನ ಸಾಲು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮರುವಾರ ಪತ್ರಿಕೆಯ ವಿಮರ್ಶಕರು, ನೋಡುವವರ ಮತ್ತು ಆಡುವವರ ನಡುವಿನ ಗೋಡೆಯನ್ನು ಒಂದೇ ವಾಕ್ಯದಲ್ಲಿ ಕೆಡವಿದ ಧೀಮಂತ ಸಂಯೋಜನೆ ಎಂದು ಬರೆದರು. ಪ್ರಕ್ರಿಯೆ ಸರ್ ಮುಂದಿನ ಪ್ರದರ್ಶನವನ್ನು ಗೊತ್ತುಮಾಡಿ, ಆ ಮಾತು ಅದೇ ಹನ್ನೊಂದನೆಯ ನಿಮಿಷಕ್ಕೆ ಬರಬೇಕು ಎಂದು ತಾಕೀತು ಮಾಡಿದರು.

ಎರಡನೆಯ ಪ್ರದರ್ಶನಕ್ಕೆ ಅತ್ತೆ ತಯಾರಾಗಿ ಬಂದರು. ತಯಾರಿಯೇ ಕೆಡಿಸಿದ್ದು. ಒಂದು ವಾರ ಕನ್ನಡಿಯ ಮುಂದೆ ಮುಷ್ಟಿ ಹಿಡಿದು ಅಭ್ಯಾಸ ಮಾಡಿದ್ದರು. ಹನ್ನೊಂದು ನಿಮಿಷ ಕಾಯುವ ತಾಳ್ಮೆಯಿಲ್ಲದೆ ಎರಡನೆಯ ನಿಮಿಷಕ್ಕೇ ಮಾತು ಬಿಟ್ಟರು. ಜನ ನಕ್ಕರು. ಆ ನಗುವಿನ ರುಚಿ ಹತ್ತಿ ಎದ್ದುನಿಂತರು, ಸೊಸೆಗೆ ಬೆನ್ನು ಮಾಡಿ ಸಭೆಗೆ ಮುಖಮಾಡಿ, ಆಸ್ಪತ್ರೆಯ ಶೀಟಿಗೂ ಮನೆಯ ಶೀಟಿಗೂ ಇರುವ ವ್ಯತ್ಯಾಸ, ರಕ್ತದ ಕಲೆ ತೆಗೆಯುವ ಬಗೆ, ಹಳೆಯ ಮೇಲ್ವಿಚಾರಕನ ದುರ್ಬುದ್ಧಿ ಎಲ್ಲವನ್ನೂ ವಿವರಿಸಿದರು. ಹಿಂದೆ ಗೋಡೆಯ ಮೇಲಿನ ಅತ್ತೆ ತಮ್ಮ ಪಾಡಿಗೆ ಮಡಿಸುತ್ತಲೇ ಇದ್ದರು, ಯಾರೂ ನೋಡಲಿಲ್ಲ. ಜನ ವಾಚು ನೋಡತೊಡಗಿದರು. ಇದೂ ಒಂದು ಪ್ರಕ್ರಿಯೆ ಎಂದರು ಪ್ರಕ್ರಿಯೆ ಸರ್, ಆದರೆ ಈ ಸಲ ದನಿ ಸಣ್ಣದಾಗಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಶೀಟುಗಳನ್ನು ಎತ್ತಿಕೊಂಡು ಮೇಲೆ ಹೋದಾಗ ಸೊಸೆಯೂ ಹಿಂದೆಯೇ ಹೋದಳು.

"ಅತ್ತೆ, ನಿನ್ನೆ ನೀವು ನಾಟಕ ಮಾಡಿದಿರಿ."

ಅತ್ತೆ ಶೀಟನ್ನು ಸರಳಿಗೆ ಸಿಕ್ಕಿಸುತ್ತಲೇ ಹೇಳಿದರು: "ಎಲ್ಲರೂ ನನ್ನನ್ನೇ ನೋಡ್ತಿದ್ರು ಕಣೇ. ಮೂವತ್ತೊಂದು ವರ್ಷ ಆ ಕೋಣೆ ಬಾಗಿಲು ತೆಗೆದು ಒಬ್ಬರೂ ಇಣುಕಿ ನೋಡಿರಲಿಲ್ಲ."

ಟೀಚರು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅಲ್ಲೇ ಉಳಿದವು. ಮಡಿಕೆಯ ಕೊನೆಗೆ ಚಾಚುವ ಆ ಕೈ ಏನೆಂದು ಕೇಳಿದಳು. ಯಾವ ಕೈ ಎಂದರು ಅತ್ತೆ. ಅವಳು ವಿಡಿಯೊ ಹಾಕಿ ಗೋಡೆಯ ಮೇಲೆ ತೋರಿಸಿದಳು. ಅತ್ತೆ ನೋಡಿದರು, ಇನ್ನೊಮ್ಮೆ ಹಾಕು ಎಂದರು, ಮತ್ತೂ ಒಮ್ಮೆ ಹಾಕಿಸಿದರು. ಆಸ್ಪತ್ರೆಯಲ್ಲಿ ಶೀಟಿನ ಇನ್ನೊಂದು ತುದಿ ಹಿಡಿಯಲು ಒಬ್ಬಳಿದ್ದಳಂತೆ. ಕುಳ್ಳಿ ಎನ್ನುತ್ತಿದ್ದರು. ಇಪ್ಪತ್ತೇಳು ವರ್ಷ ಇವರಿಬ್ಬರದೇ ಜೋಡಿ.

"ಅವಳ ಮನೆ ಎಲ್ಲಿ ಅಂತ ಕೊನೆವರೆಗೂ ನನಗೆ ಗೊತ್ತಿರಲಿಲ್ಲ. ಅವಳ ಕೈ ಎಲ್ಲಿದೆ ಅಂತ ಮಾತ್ರ ಕಣ್ಣು ಮುಚ್ಚಿದ್ರೂ ಗೊತ್ತಾಗ್ತಿತ್ತು. ಒಂದು ಸೋಮವಾರ ಅವಳು ಬರಲಿಲ್ಲ. ಅವಳ ಬದಲು ಮೆಷಿನ್ ತಂದು ನಿಲ್ಲಿಸಿದ್ರು."

ಅಷ್ಟು ಹೇಳಿ ಅತ್ತೆ, ಸುಮ್ಮನೆ ಏನು ನಿಂತಿದೀಯ, ಸರಳಿಂದ ಬಿಡಿಸಿ ಆ ತುದಿ ಹಿಡಿ ಎಂದರು. ಸೊಸೆ ಹಿಡಿದಳು. ಅಂದು ಹಾಲ್‌ನಲ್ಲಿ ನಾಲ್ಕು ಶೀಟು ಮಡಿಸಿದರು. ಮುಂದಿನ ಪ್ರದರ್ಶನ ಹೇಗಿರಬೇಕು ಎಂಬುದರಲ್ಲಿ ಟೀಚರಿಗೆ ಅನುಮಾನವೇ ಉಳಿಯಲಿಲ್ಲ. ಹಳೆಯ ವಿಡಿಯೊವನ್ನು ಕೃತಿಯಿಂದ ತೆಗೆದುಹಾಕಿದಳು. ವೇದಿಕೆಯ ಮೇಲೆ ಇಬ್ಬರೂ ಇರಬೇಕು; ಕ್ಯಾಮೆರಾ ನೇರವಾಗಿ ನೆತ್ತಿಯ ಮೇಲಿರಬೇಕು; ಅದು ಕಂಡದ್ದು ಆಗಿಂದಾಗಲೇ ಹಿಂದಿನ ಗೋಡೆಗೆ ಬರಬೇಕು. ಅತ್ತೆ ಮತ್ತೆ ನಾಟಕಕ್ಕಿಳಿದರೆ ಎಂಬ ಭಯ ಇದ್ದೇ ಇತ್ತು. ಅದಕ್ಕೆ ಅವಳು ಒಂದು ಉಪಾಯ ಮಾಡಿ, ಲಾಡ್ಜ್ ಒಂದರ ಲಾಂಡ್ರಿಯಿಂದ ಅರವತ್ತು ಶೀಟುಗಳನ್ನು ಮೂರು ದಿನಕ್ಕೆ ಕೇಳಿ ತಂದಳು.

ಇದನ್ನು ಕೇಳಿ ಪ್ರಕ್ರಿಯೆ ಸರ್ ಹುಬ್ಬು ಗಂಟಿಕ್ಕಿದರು. ಹಿಂದಿನದರಲ್ಲಿ ಗೈರುಹಾಜರಿ ಇತ್ತು, ಇದರಲ್ಲಿ ಎಲ್ಲರೂ ಹಾಜರಿದ್ದಾರಲ್ಲ, ಹಾಗಾದರೆ ಪ್ರಶ್ನಿಸುವುದು ಯಾವುದನ್ನು ಎಂದು ಕೇಳಿದರು. ಟೀಚರು, ಅರವತ್ತು ಶೀಟು ಇದೆ ಸರ್ ಎಂದಳು.

ವೇದಿಕೆಯ ಮೇಲೆ ಮುದ್ದೆಮುದ್ದೆಯಾಗಿ ಬಿದ್ದಿದ್ದ ರಾಶಿಯನ್ನು ಕಂಡ ಕೂಡಲೇ ಅತ್ತೆಯ ಮೈಯಿಂದ ನಟಿ ಇಳಿದುಹೋದಳು. ಸಭೆಯತ್ತ ಕತ್ತೆತ್ತಲೂ ಅವರಿಗೆ ಪುರಸೊತ್ತಿರಲಿಲ್ಲ. ಹಿಂದೆ ಗೋಡೆಯ ಮೇಲೆ, ಮೇಲಿಂದ ನೋಡಿದಂತೆ, ಎರಡು ನೆತ್ತಿಗಳು, ನಡುವೆ ಬಿಳಿಯ ಬಯಲು. ನೆತ್ತಿಗಳು ಹತ್ತಿರ ಬರುವವು, ಬಯಲು ಅರ್ಧವಾಗುವುದು. ಮತ್ತೆ ಹತ್ತಿರ, ಮತ್ತೆ ಅರ್ಧ. ಕೊನೆಗೊಂದು ಪುಸ್ತಕದಷ್ಟಾಗಿ ಪಕ್ಕಕ್ಕೆ ಸರಿಯುವುದು. ಇಪ್ಪತ್ತಮೂರನೆಯ ಶೀಟಿಗೆ ಪ್ರಕ್ರಿಯೆ ಸರ್ ಫೋನು ಬಂದವರ ಹಾಗೆ ಎದ್ದು ಹೊರಗೆ ಹೋದರು. ಹಿಂದೆಯೇ ಒಂದಿಷ್ಟು ಜನ ಹೋದರು. ಉಳಿದವರು ಮನಸ್ಸಿನಲ್ಲೇ ಎಣಿಸತೊಡಗಿದರು. ತಮ್ಮ ಶೀಟುಗಳಿಗೆ ಏನು ಗತಿಯಾಯಿತೋ ನೋಡೋಣವೆಂದು ಬಂದಿದ್ದ ಲಾಂಡ್ರಿಯ ಐದು ಹೆಂಗಸರು ಕುರ್ಚಿಯ ತುದಿಗೆ ಸರಿದು ಕೂತಿದ್ದರು. ನಲವತ್ತನೆಯದರ ಹೊತ್ತಿಗೆ ಸೊಸೆ ಅರ್ಧ ಕ್ಷಣ ತಡಮಾಡಿದಳು. ಅತ್ತೆ ಕಾದರು, ಏನೂ ಅನ್ನಲಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ಹಾಗೆ ಆದದ್ದು ಅವಳಿಗೆ ನೆನಪಿಲ್ಲ.

ಅರವತ್ತೂ ಮುಗಿದಾಗ ಚಪ್ಪಾಳೆ ದೊಡ್ಡದೇನೂ ಆಗಲಿಲ್ಲ. ಲಾಂಡ್ರಿಯ ಹೆಂಗಸರು ಮಾತ್ರ ವೇದಿಕೆ ಹತ್ತಿ ಬಂದು, ಮಡಿಸಿದ ರಾಶಿಯ ಅಂಚಿನ ಮೇಲೆ ಅಂಗೈ ಆಡಿಸಿ ನೋಡಿ, ಒಂದೂ ಆಚೀಚೆ ಇಲ್ಲ ಎಂದು ತಮ್ಮತಮ್ಮಲ್ಲೇ ಹೇಳಿಕೊಂಡರು. ಅತ್ತೆ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತ, ಕೇಳಿಯೂ ಕೇಳದವರಂತೆ ಇದ್ದರು. ಆಗ ಟೀಚರು ಹತ್ತಿರ ಹೋಗಿ, ನಾಳೆಯ ಪ್ರದರ್ಶನಕ್ಕೆ ಇವನ್ನೆಲ್ಲ ಬಿಚ್ಚಿ ಮುದ್ದೆ ಮಾಡಬೇಕಲ್ಲ ಅತ್ತೆ ಎಂದಳು.

ಅತ್ತೆ ಲೋಟ ಕೆಳಗಿಟ್ಟರು. "ಅದು ನನ್ನ ಕೈಲಿ ಆಗಲ್ಲ. ನಾನು ಹೋದ ಮೇಲೆ ಏನಾದರೂ ಮಾಡ್ಕೊಳ್ಳಿ."

ಗಂಡ ತಾಯಿಯನ್ನು ಕರೆದುಕೊಂಡು ಬಸ್‌ಸ್ಟಾಪಿಗೆ ಹೊರಟ. ಅವರು ಬಾಗಿಲು ದಾಟುವವರೆಗೆ ಕಾದು ಟೀಚರು ಮೊದಲ ಶೀಟನ್ನು ಕೊಡವಿದಳು. ಎರಡನೆಯದನ್ನು ಎತ್ತಿ ಎಸೆದಳು. ಹತ್ತು ಮುಗಿಯುವ ಹೊತ್ತಿಗೆ ಅವಳಿಗೇ ತಿಳಿಯದಂತೆ ಓಡುತ್ತಿದ್ದಳು, ಶೀಟುಗಳ ನಡುವೆ ಬಗ್ಗಿ ಏಳುತ್ತಿದ್ದಳು, ಒಬ್ಬಳೇ ನಗುತ್ತಿದ್ದಳು. ನೆತ್ತಿಯ ಮೇಲಿನ ಕ್ಯಾಮೆರಾ ಕೂರಿಸಿದ್ದ ಮೈದುನ ಅದನ್ನು ಆರಿಸಿಲ್ಲ, ಎಲ್ಲ ದಾಖಲಾಗಿದೆ ಎಂಬುದು ಅವಳಿಗೆ ಗೊತ್ತಾದದ್ದು ಮರುದಿನ. ಆ ಹದಿನಾಲ್ಕು ನಿಮಿಷಗಳನ್ನು ನೋಡಿ, ಮುಂದಿನ ಕೃತಿ ಇದೇ ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಳು. ಅದರ ಕೆಲಸ ಈಗ ನಡೆಯುತ್ತಿದೆ. ಅತ್ತೆಗೆ ತೋರಿಸುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.