ಎಣ್ಣೂರು ರಸ್ತೆಯ ಡಾಂಬರು

ಚೆನ್ನೈಯಲ್ಲಿ ರಸ್ತೆ ಸಾಮಗ್ರಿ ಪರೀಕ್ಷಿಸುವ ಲ್ಯಾಬೊಂದರಲ್ಲಿ ನನಗೆ ಕೆಲಸ. ನಾವು ಉಡುಪಿ ಕಡೆಯವರು, ಮನೆಯ ಗಂಡಸರೆಲ್ಲ ಹೋಟೆಲಿನವರೇ. ಅಣ್ಣ ಅಲ್ಲೇ ಬಂದರಿನ ಹತ್ತಿರದ ಎಣ್ಣೂರಿನಲ್ಲಿ ಕ್ಯಾಂಟೀನು ನಡೆಸುತ್ತಿದ್ದ. ಅವನು ಎರೆದ ದೋಸೆ ತಿನ್ನಲೆಂದೇ ಬಂದರಿನ ಲಾರಿ ಡ್ರೈವರುಗಳು ಗಾಡಿ ನಿಲ್ಲಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಅವನು ದಿನಾ ಸ್ಕೂಟರಿನಲ್ಲಿ ಓಡಾಡುವ ರಸ್ತೆಯಿಂದಲೇ ಕೊರೆದು ತೆಗೆದ ತುಂಡುಗಳು ನಮ್ಮ ಲ್ಯಾಬಿಗೆ ಬಂದವು. ಕಲ್ಲಿನಿಂದ ಡಾಂಬರನ್ನು ಕರಗಿಸಿ ಬಿಡಿಸಿ, ಸೂಜಿಮೊನೆಯಿಂದ ಮೇಲ್ಮೈಯನ್ನು ಸವರಿ ಚಿತ್ರ ತೋರಿಸುವ ಸೂಕ್ಷ್ಮದರ್ಶಕದಲ್ಲಿಟ್ಟೆ. ಹೊಸ ಡಾಂಬರಿನಲ್ಲಿ ಜೇನುನೊಣದ ಮೈಮೇಲಿನಂಥ ಸಣ್ಣ ಪಟ್ಟೆಗಳು ಎಲ್ಲೆಡೆ ಹರಡಿರುತ್ತವೆ. ಇದರಲ್ಲಿ ಅವು ಒಂದಕ್ಕೊಂದು ಕೂಡಿಕೊಂಡು ದಪ್ಪಗಾಗಿದ್ದವು. ವರ್ಷಗಟ್ಟಲೆ ಬಿಸಿಲು, ಗಾಳಿ, ನೀರು ತಿಂದು ಡಾಂಬರಿನ ಎಣ್ಣೆಯಂಶ ಕಡಿಮೆಯಾಗಿ, ಉಳಿದದ್ದು ಗಡುಸಾಗಿತ್ತು. ಸೂಜಿಮೊನೆಗೂ ಸರಿಯಾಗಿ ಅಂಟುತ್ತಿರಲಿಲ್ಲ. ಅಂಥದ್ದು ಜಲ್ಲಿಯನ್ನು ಹಿಡಿದಿಡುವುದಿಲ್ಲ. ಮಳೆಗೆ ಮುಂಚೆ ಮೇಲ್ಪದರ ಬದಲಿಸಬೇಕೆಂದು ವರದಿ ಬರೆದು ಸಹಿ ಹಾಕಿದೆ. ಆ ಭಾನುವಾರ ಅಣ್ಣನ ಮನೆಯಲ್ಲೇ ಊಟ ಮಾಡಿದೆ. ರಸ್ತೆಯ ಮಾತೇ ಬರಲಿಲ್ಲ.

ಮೇಲ್ಪದರವನ್ನು ಯಾರೂ ಬದಲಿಸಲಿಲ್ಲ. ನವೆಂಬರಿನ ಮಳೆಗೆ ಜಲ್ಲಿ ಕಿತ್ತುಬಂತು. ಅದರ ಮೇಲೆ ಅಣ್ಣನ ಸ್ಕೂಟರು ಜಾರಿತು. ಜೀವ ಉಳಿಯಿತು, ಆದರೆ ಭುಜದಿಂದ ಕೈಗೆ ಇಳಿಯುವ ನರಗಳು ಹರಿದುಹೋಗಿದ್ದವು. ಎರಡು ಆಪರೇಷನ್ ಆದರೂ ಬಲಗೈ ಏಳಲಿಲ್ಲ. ಕ್ಯಾಂಟೀನನ್ನು ಬೇರೆಯವರಿಗೆ ಬಿಟ್ಟುಕೊಟ್ಟ.

ತಿಂಗಳುಗಟ್ಟಲೆ ನಾನು ಬಾಯಿ ಬಿಡಲಿಲ್ಲ. ಒಂದು ಸಂಜೆ ಅತ್ತಿಗೆ ಅವನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದರು. ನನ್ನಿಂದ ನೋಡಲಾಗಲಿಲ್ಲ.

"ಅಣ್ಣ, ಆ ರಸ್ತೆ ಕಿತ್ತುಬರ್ತದೆ ಅಂತ ನಂಗೆ ಮೊದಲೇ ಗೊತ್ತಿತ್ತು. ವರದಿ ಬರ್ದದ್ದೇ ನಾನು."

ಅತ್ತಿಗೆಯ ಕೈ ತಟ್ಟೆಯಲ್ಲೇ ನಿಂತಿತು. "ಆಫೀಸಿಗೆ ಬರ್ದೆ. ಮನೆಯಲ್ಲಿ ಒಂದು ಮಾತು ಹೇಳ್ಲಿಕ್ಕೆ ಆಗಲಿಲ್ವಾ ನಿಂಗೆ?"

ಆ ರಸ್ತೆ ನನ್ನ ಪಾಲಿಗೆ ಇನ್ನೊಂದು ಸ್ಯಾಂಪಲ್ ಆಗಿತ್ತು, ಅಷ್ಟೇ. ಅದರ ಮೇಲೆ ಓಡಾಡುವವರು ನನ್ನ ಕಣ್ಣಮುಂದೆ ಬಂದಿರಲೇ ಇಲ್ಲ.

"ಬಿಡು," ಅಂದ ಅಣ್ಣ, ಗೋಡೆಯ ಕಡೆ ನೋಡುತ್ತಾ. "ಹೇಳಿದ್ರೂ ಎಂತ ಮಾಡ್ಲಿಕ್ಕಿತ್ತು? ಕ್ಯಾಂಟೀನಿಗೆ ಇರುವುದು ಅದೊಂದೇ ದಾರಿ."

ಇನ್ನೊಂದು ದಾರಿ ಇತ್ತು, ಸ್ವಲ್ಪ ಸುತ್ತು. ಮೂವರಿಗೂ ಅದು ಗೊತ್ತಿತ್ತು. ಅತ್ತಿಗೆ ಮತ್ತೆ ಅನ್ನ ಕಲಸತೊಡಗಿದರು.

ಈಗಲೂ ಹೋದರೆ ಕೂರಿಸಿ ಕಾಫಿ ಕೊಡುತ್ತಾರೆ, ಊರಿನ ಸುದ್ದಿ ಮಾತಾಡುತ್ತಾರೆ. ನನ್ನ ಕೆಲಸದ ಬಗ್ಗೆ ಮಾತ್ರ ಇಬ್ಬರೂ ಕೇಳುವುದಿಲ್ಲ.