ಕತ್ತಿ ಕೆಳಗಿಟ್ಟ ಮಾವ

ನಮ್ಮ ಸೋದರಮಾವನದು ಕಟಿಂಗ್ ಶಾಪು. ಮೂವತ್ತು ವರ್ಷದಿಂದ ಅದೇ ಎರಡು ಕುರ್ಚಿ, ಅದೇ ಉದ್ದದ ಕನ್ನಡಿ. ಅವನ ಗೊರಕೆಗೆ ಪಕ್ಕದ ಮನೆಯವರೂ ಎದ್ದು ಕೂರುತ್ತಿದ್ದರು. ಬೀದಿಯಲ್ಲಿ ಅವನ ಅಡ್ಡಹೆಸರೇ ಗುಡುಗು. ನಾವೆಲ್ಲ ನಗುತ್ತಿದ್ದೆವು. ನಡುನಡುವೆ ಅವನ ಉಸಿರೇ ಕಟ್ಟುತ್ತದೆಂದು ಗೊತ್ತಿದ್ದದ್ದು ಅತ್ತೆಗೆ ಮಾತ್ರ.

ಒಂದು ಬೆಳಿಗ್ಗೆ ಪೋಸ್ಟ್‌ಮ್ಯಾನ್ ಒಬ್ಬರ ಗಡ್ಡ ತೆಗೆಯುತ್ತ ಮಾವ ನಿಂತಲ್ಲೇ ತೂಕಡಿಸಿಬಿಟ್ಟ. ದವಡೆಯ ಕೆಳಗೆ ಗೆರೆ ಎಳೆದಂತೆ ರಕ್ತ ಬಂತು. ಅವರು ದೊಡ್ಡ ಮನಸ್ಸಿನವರು, ಏನೂ ಆಗಿಲ್ಲ ಬಿಡಿ ಎಂದು ಟವೆಲ್ ಒತ್ತಿಕೊಂಡು ಹೋದರು. ಮಾವ ಕತ್ತಿಯನ್ನು ತೊಳೆದು, ಒರೆಸಿ, ಡ್ರಾಯರಿಗೆ ಹಾಕಿ ಬೀಗ ಜಡಿದ. ಇನ್ನು ಮೇಲೆ ಕೂದಲು ಮಾತ್ರ, ಗಡ್ಡಕ್ಕೆ ಬೇರೆ ಅಂಗಡಿ ನೋಡಿಕೊಳ್ಳಿ ಎಂದ. ನುಣುಪಾಗಿ ಗಡ್ಡ ತೆಗೆಯುವುದೇ ಅವನ ಹೆಮ್ಮೆಯಾಗಿತ್ತು.

ರಾತ್ರಿ ಉಸಿರು ಕಟ್ಟಿ ನಿದ್ದೆ ಕೆಡುವುದರಿಂದಲೇ ಈ ತೂಕಡಿಕೆ ಎಂದ ಡಾಕ್ಟರು, ಮಲಗುವಾಗ ಮೂಗಿಗೆ ಹಾಕಿಕೊಳ್ಳುವ ಗಾಳಿ ಮಷೀನು ಬರೆದುಕೊಟ್ಟರು. ಮಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬದಲಿಗೆ ಸಿಕ್ಕಸಿಕ್ಕವರು ಹೇಳಿದ್ದನ್ನೆಲ್ಲ ಮಾಡಿದ. ಅಂಗಾಲಿಗೆ ಎಣ್ಣೆ ತಿಕ್ಕಿದ, ಯಾವುದೋ ಬೇರಿನ ಕಷಾಯ ಕುಡಿದ. ಕೊನೆಗೆ ಸಂಗೀತದ ಟೀಚರೊಬ್ಬರು ಗಂಟಲಿನ ವ್ಯಾಯಾಮ ಹೇಳಿಕೊಟ್ಟರು: ನಾಲಿಗೆ ಚಾಚುವುದು, ಮಡಿಸುವುದು, ಬಾಯಗಲಿಸಿ ಆ, ಈ, ಊ ಅನ್ನುವುದು. ಕತ್ತರಿ ಆಡಿಸುತ್ತಲೇ ಮಾಡುತ್ತಿದ್ದ; ಕುರ್ಚಿಯಲ್ಲಿ ಕೂತವರೂ ದನಿಗೂಡಿಸುತ್ತಿದ್ದರು. ಅಂಗಡಿ ಒಂದನೇ ಕ್ಲಾಸಿನ ಹಾಗಾಯಿತು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರು ತಿಂಗಳಿಗೆ ಗೊರಕೆಯೇನೋ ತಗ್ಗಿತು. ಉಸಿರು ಕಟ್ಟುವುದು ತಪ್ಪಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಅಂಗಡಿಗೇ ಬಂದು ಗಿರಾಕಿಗಳ ಎದುರೇ ಹೇಳಿದಳು: "ನಿಮ್ಮ ಉಸಿರು ಕಾಯ್ಕೊಂಡು ನಾನೆಷ್ಟು ದಿನ ಎಚ್ಚರ ಇರ್ಲಿ? ವ್ಯಾಯಾಮಾನೂ ಮಾಡಿ, ಮಷೀನೂ ಹಾಕ್ಕೊಳ್ಳಿ."

ಮಾವ ತಲೆ ತಗ್ಗಿಸಿದ. "ಅದನ್ನ ಹಾಕ್ಕೊಂಡ್ರೆ ನಿನ್ ಕಣ್ಣಿಗೆ ಹೇಗೆ ಕಾಣ್ತೀನೋ ಅಂತ."

"ಬದುಕಿರೋ ಹಾಗೆ ಕಾಣ್ತೀರಿ," ಎಂದಳು ಅತ್ತೆ.

ಆವತ್ತೇ ಹಾಕಿಕೊಂಡ. ಎರಡು ತಿಂಗಳಲ್ಲಿ ಹಗಲಿನ ತೂಕಡಿಕೆ ಹತ್ತಿರ ಸುಳಿಯದಂತಾಯಿತು. ಇನ್ನು ಕತ್ತಿ ಹಿಡಿಯಬಹುದೆಂದು ಡಾಕ್ಟರೂ ಹೇಳಿದರು. ಆದರೆ ಬೀಗ ತೆಗೆಯಲು ಅವನಿಗೆ ಕೈ ಬಾರದು. ಅವನು ಹಾಗೆ ಕುಗ್ಗಿ ಕೂತದ್ದನ್ನು ನೋಡಲು ನನಗೂ ಆಗಲಿಲ್ಲ. ಒಂದು ಭಾನುವಾರ ಹೋಗಿ, ಕುರ್ಚಿಯಲ್ಲಿ ಒರಗಿ, ಗಡ್ಡ ತೆಗಿ ಮಾವ ಎಂದೆ. ಬಹಳ ಹೊತ್ತು ಸೋಪು ಹಚ್ಚಿದ. ಕತ್ತಿ ತೆಗೆದು, ಮಸೆದು, ಹಾಗೇ ನಿಂತ.

"ಹೆದರಿಕೆ ಆಗ್ತಿದೆಯೇನೋ?"

"ಇಲ್ಲ ಮಾವ," ಎಂದು ಸುಳ್ಳು ಹೇಳಿದೆ.

"ನಂಗಾಗ್ತಿದೆ. ಅಲ್ಲಾಡ್ಬೇಡ," ಎಂದು ನನ್ನ ಗದ್ದ ಹಿಡಿದ.